ಬ್ಯಾಕಪ್ ಇದೆ ತಾನೇ?

‘ಬ್ಯಾಕಪ್ ಇದೆ ತಾನೇ, ಇನ್ನೇನು ಚಿಂತೆ?’ ಆಫೀಸಿನಲ್ಲಿ ವಾರಕ್ಕೊಮ್ಮೆಯಾದರೂ ಕಿವಿಗೆ ಬೀಳುವ ಮಾತು. ಹಾಗನ್ನುವವರಿಗೆ ಒಂದು ರಾಕೆಟ್ ಕಥೆ ಹೇಳಬೇಕು ಅನಿಸುತ್ತೆ.

1996ರ ಜೂನ್ 4. ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದಿಂದ ಯುರೋಪಿನ ಹೊಸ ರಾಕೆಟ್ ಏರಿಯಾನ್ 5 ಮೊದಲ ಸಲ ಮೇಲೇರಿತು. ಹೊಟ್ಟೆಯಲ್ಲಿ ‘ಕ್ಲಸ್ಟರ್’ ಯೋಜನೆಯ ನಾಲ್ಕು ಉಪಗ್ರಹ. ನಲವತ್ತು ಸೆಕೆಂಡ್ ಆಗುವಷ್ಟರಲ್ಲಿ ರಾಕೆಟ್ ಪಕ್ಕಕ್ಕೆ ವಾಲಿ, ಮುರಿದು, ಸ್ಫೋಟಗೊಂಡಿತು.

ಬ್ಯಾಕಪ್ ಇರಲಿಲ್ವಾ? ಇತ್ತು! ರಾಕೆಟ್ ಎತ್ತ ವಾಲಿದೆ, ಎಷ್ಟು ವೇಗದಲ್ಲಿದೆ ಎಂದು ಲೆಕ್ಕ ಹಾಕುವ ಕಂಪ್ಯೂಟರ್ ಎರಡಿದ್ದವು. ಒಂದು ಕೆಟ್ಟರೆ ಇನ್ನೊಂದು ಕೆಲಸ ವಹಿಸಿಕೊಳ್ಳಬೇಕು. ಆದರೆ ಎರಡರಲ್ಲೂ ಇದ್ದದ್ದು ಅದೇ ಹಾರ್ಡ್‌ವೇರ್, ಅದೇ ಸಾಫ್ಟ್‌ವೇರ್. ಅದೂ ಹಳೇ ಏರಿಯಾನ್ 4ರಿಂದ ತಂದದ್ದು. ಅಡ್ಡ ದಿಕ್ಕಿನ ವೇಗಕ್ಕೆ ಸಂಬಂಧಿಸಿದ ಒಂದು ಸಂಖ್ಯೆಯನ್ನು 64 ಬಿಟ್‌ನಿಂದ 16 ಬಿಟ್‌ಗೆ ಇಳಿಸುವ ಸಾಲು ಅದರಲ್ಲಿತ್ತು. ಆ ಜಾಗದಲ್ಲಿ 32,767ಕ್ಕಿಂತ ದೊಡ್ಡದು ಹಿಡಿಯುವುದಿಲ್ಲ, ಪಾವಿಗೆ ಸೇರು ಅಕ್ಕಿ ಸುರಿದ ಹಾಗೆ. ಹಳೇ ರಾಕೆಟ್‌ನಲ್ಲಿ ಸಂಖ್ಯೆ ಅಷ್ಟು ದೊಡ್ಡದಾಗುತ್ತಲೇ ಇರಲಿಲ್ಲ. ಹೊಸದರ ಹಾದಿ ಬೇರೆ, ಅಡ್ಡ ವೇಗ ಜಾಸ್ತಿ. ಬ್ಯಾಕಪ್ಪೇ ಮೊದಲು ನಿಂತಿತು. ಮರುಸುತ್ತಿನಲ್ಲಿ, ಅಂದರೆ 72 ಮಿಲಿಸೆಕೆಂಡಿನ ಅಂತರದಲ್ಲಿ, ಮುಖ್ಯ ಕಂಪ್ಯೂಟರೂ ನಿಂತಿತು. ಅದು ಕಳಿಸಿದ ದೋಷದ ವರದಿಯನ್ನು ಹಾರಾಟದ ಮಾಹಿತಿ ಎಂದೇ ತಿಳಿದು, ರಾಕೆಟ್ ನಡೆಸುವ ಕಂಪ್ಯೂಟರ್ ಎಂಜಿನ್ ನಳಿಕೆಗಳನ್ನು ಪೂರ್ತಿ ತಿರುಗಿಸಿಬಿಟ್ಟಿತು. ವಿಚಿತ್ರ ಏನು ಗೊತ್ತಾ? ನೆಲ ಬಿಟ್ಟ ಮೇಲೆ ಏರಿಯಾನ್ 5ಕ್ಕೆ ಆ ಲೆಕ್ಕ ಬೇಕೇ ಇರಲಿಲ್ಲ.

ಈ ವಿಷಯ ಓದಿದವರು ಮೂರು ಮಾತು ಬೇರೆ ಮಾಡುತ್ತಾರೆ. ಕೋಡ್‌ನಲ್ಲಿ ಅಡಗಿ ಕೂತ ಆ ಸಾಲು ‘ಫಾಲ್ಟ್’. ಅದರಿಂದ ಒಳಗೆ ಹುಟ್ಟಿದ ತಪ್ಪು ಸ್ಥಿತಿ ‘ಎರರ್’. ಹೊರಗೆ ಎಲ್ಲರಿಗೂ ಕಂಡದ್ದು ‘ಫೇಲ್ಯೂರ್’. ಫಾಲ್ಟ್ ಏರಿಯಾನ್ 4ರಲ್ಲೂ ಇತ್ತು, ತೆಪ್ಪಗೆ ಕೂತಿತ್ತು ಅಷ್ಟೇ. ಎರರ್ ಹುಟ್ಟಿದರೂ ಫೇಲ್ಯೂರ್ ಆಗದಂತೆ ನಡುವೆ ತಡೆಯುವುದೇ ಫಾಲ್ಟ್ ಟಾಲರೆನ್ಸ್. ಏರಿಯಾನ್‌ನವರು ತಡೆ ಹಾಕಿದ್ದು ಹಾರ್ಡ್‌ವೇರ್ ಕೆಟ್ಟರೆ ಅಂತ. ಹಾರ್ಡ್‌ವೇರ್ ಒಂದೊಂದು ಒಂದೊಂದು ಹೊತ್ತಿಗೆ ಕೆಡುತ್ತೆ, ಜೋಡಿ ಇಟ್ಟರೆ ಲಾಭ. ಸಾಫ್ಟ್‌ವೇರ್ ಹಾಗಲ್ಲ, ಒಂದೇ ಕೋಡ್‌ಗೆ ಒಂದೇ ಸಂಖ್ಯೆ ಕೊಟ್ಟರೆ ಎರಡೂ ಒಟ್ಟಿಗೇ ಮಲಗುತ್ತವೆ.

ಅಮೆರಿಕದ ಸ್ಪೇಸ್ ಶಟಲ್‌ನಲ್ಲಿ ಇದಕ್ಕೇ ಐದು ಕಂಪ್ಯೂಟರ್ ಇದ್ದವು. ನಾಲ್ಕಕ್ಕೆ ಒಂದೇ ಸಾಫ್ಟ್‌ವೇರ್, ಐದನೆಯದಕ್ಕೆ ಬೇರೆ ಕಂಪನಿಯಿಂದ ಬೇರೆಯಾಗಿ ಬರೆಸಿದ್ದು. ಅದೂ ಪೂರ್ತಿ ಮದ್ದಲ್ಲ ಅನ್ನಿ. 1986ರಲ್ಲಿ ಪ್ರಕಟವಾದ ನೈಟ್ ಮತ್ತು ಲೆವೆಸನ್ ಅವರ ಪ್ರಯೋಗದಲ್ಲಿ ಒಂದೇ ಸಮಸ್ಯೆಗೆ 27 ಪ್ರೋಗ್ರಾಂಗಳನ್ನು ಪ್ರತ್ಯೇಕವಾಗಿ ಬರೆಸಿದ್ದರು. ಆದರೂ ಅವರು ಅಂದುಕೊಂಡದ್ದಕ್ಕಿಂತ ಹೆಚ್ಚು ಸಲ ಹಲವು ಪ್ರೋಗ್ರಾಂಗಳು ಒಂದೇ ಕಡೆ ಎಡವಿದವು. ಕಷ್ಟದ ಜಾಗ ಎಲ್ಲರಿಗೂ ಕಷ್ಟವೇ.

ಈಗ ನಮ್ಮ ಮನೆಗೆ ಬನ್ನಿ. ವರ್ಕ್ ಫ್ರಂ ಹೋಮ್‌ಗೆಂದು ಎರಡು ಕಂಪನಿಯ ಇಂಟರ್ನೆಟ್ ಹಾಕಿಸಿದ್ದೀರಾ? ಒಮ್ಮೆ ಬಾಲ್ಕನಿಯಿಂದ ಇಣುಕಿ ನೋಡಿ, ಎರಡೂ ಕೇಬಲ್ ಒಂದೇ ಕಂಬದಿಂದ ಬಂದಿರಬಹುದು. ಫೋನಿನ ಫೋಟೋಗಳು ಕ್ಲೌಡ್‌ಗೆ ಸಿಂಕ್ ಆಗುತ್ತಿವೆಯಾ? ಸಿಂಕ್ ಅಂದರೆ ಇಲ್ಲಿ ಡಿಲೀಟ್ ಮಾಡಿದ್ದು ಅಲ್ಲೂ ಡಿಲೀಟ್ ಆಗುವುದು. ಟ್ರ್ಯಾಶ್‌ನಲ್ಲಿ ಸ್ವಲ್ಪ ದಿನ ಇರುತ್ತೆ, ಆಮೇಲೆ ಇಲ್ಲ. ಅಜ್ಜಿಯ ಫೋಟೋಗಳ ಒಂದು ಪ್ರತಿ ಯಾವುದಕ್ಕೂ ಸಿಂಕ್ ಆಗದ ಹಾರ್ಡ್ ಡಿಸ್ಕ್‌ನಲ್ಲಿರಲಿ, ಆ ಡಿಸ್ಕ್ ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಬೇಡ.