ವಿದ್ಯುತ್ ಕಸುಬಿನ ಪ್ರಮಾಣಪತ್ರ: ಖರ್ಚೆಷ್ಟು, ಗಳಿಕೆಯೆಷ್ಟು?

ಎಸ್.ಎಸ್.ಎಲ್.ಸಿ. ಮುಗಿಸಿದ ಮಗನನ್ನು ಐ.ಟಿ.ಐ.ಗೆ ಸೇರಿಸಿ ಎಲೆಕ್ಟ್ರಿಷಿಯನ್ ಮಾಡಿದರೆ ಲಾಭವೇ ಎಂದು ಅನೇಕ ರೈತ ಬಾಂಧವರು ಕೇಳುತ್ತಾರೆ. ಸರ್ಕಾರಿ ಸಂಸ್ಥೆಯ ಶುಲ್ಕ ಅಷ್ಟೇನೂ ಭಾರವಲ್ಲ. ನಿಜವಾದ ಖರ್ಚು ಬೇರೆ. ತರಬೇತಿ 2 ವರ್ಷ. ಅಷ್ಟು ಕಾಲ ಹೊಲಕ್ಕೆ ಒಂದಾಳು ಕಡಿಮೆ. ವರ್ಷಕ್ಕೆ 100 ದಿನ, ದಿನಕ್ಕೆ 400 ರೂಪಾಯಿಯಂತೆ ಕೂಲಿಯಾಳು ಹಿಡಿದರೂ 80,000 ರೂಪಾಯಿ ಆಯಿತು. ಬಸ್ಸು, ಊಟ ಬೇರೆ. ಬಹಳ ಮಂದಿ ಈ ಲೆಕ್ಕ ಹಾಕುವುದೇ ಇಲ್ಲ.

ಲೈನ್‌ಮನ್ ಕೆಲಸ ಸಿಕ್ಕೀತೆಂಬ ಆಸೆಯಿಂದ ಸೇರಿಸುವವರು ಒಂದು ಮಾತು ತಿಳಿದಿರಬೇಕು. 2024ರಲ್ಲಿ ಕರ್ನಾಟಕ ವಿದ್ಯುತ್ ಪ್ರಸರಣ ನಿಗಮವು ಕಿರಿಯ ಪವರ್‌ಮನ್ ಹುದ್ದೆಗಳಿಗೆ ಅರ್ಜಿ ಕರೆದಾಗ ಕೇಳಿದ್ದು ಎಸ್.ಎಸ್.ಎಲ್.ಸಿ. ಮಾತ್ರ, ಜೊತೆಗೆ ಕಂಬ ಹತ್ತುವ ಪರೀಕ್ಷೆ. ಐ.ಟಿ.ಐ. ಬೇಕಿರಲಿಲ್ಲ.

ಹಾಗಾದರೆ ಓದಿದ್ದು ದಂಡವೇ? ನನ್ನ ಅಭಿಪ್ರಾಯದಲ್ಲಿ ಅಲ್ಲ. ಮೂರು ಫೇಸಿನಲ್ಲಿ ಒಂದು ಹೋದಾಗ, ಓಡುತ್ತಿರುವ ಪಂಪು ಉಳಿದೆರಡರಿಂದಲೇ ಹೆಚ್ಚು ಕರೆಂಟು ಎಳೆದು ಸುರುಳಿ ಸುಟ್ಟುಕೊಳ್ಳುತ್ತದೆ. ರಿಲೇ ಸರಿಯಾಗಿ ಹೊಂದಿಸಬಲ್ಲವನು ಊರಿಗೊಬ್ಬನಿದ್ದರೆ ಎಷ್ಟೋ ಮೋಟಾರುಗಳು ಉಳಿದಾವು. ಸುಟ್ಟದ್ದಕ್ಕೆ ವೈಂಡಿಂಗ್ ಮಾಡಬಲ್ಲವನಿಗಂತೂ ಬೇಸಿಗೆಯಲ್ಲಿ ಬಿಡುವಿಲ್ಲ. ಆದರೆ ಆ ಕೆಲಸದಲ್ಲಿ ಕೈ ಪಳಗಬೇಕಾದರೆ ಅಪ್ರೆಂಟಿಸ್ ಆಗಿ ಇನ್ನೊಂದು ವರ್ಷವಾದರೂ ದುಡಿಯಬೇಕು. ಆಗ ಶಿಷ್ಯವೇತನವೂ ಉಂಟು. ಸೇರಿಸುವ ಮೊದಲು ಸಂಸ್ಥೆಯ ಕಾರ್ಯಾಗಾರಕ್ಕೆ ಹೋಗಿ ನೋಡಿ. ಹುಡುಗರು ಮೋಟಾರು ಬಿಚ್ಚುತ್ತಿದ್ದಾರೆಯೇ, ಇಲ್ಲ ಬೋರ್ಡಿನ ಚಿತ್ರ ಬರೆದುಕೊಳ್ಳುತ್ತಿದ್ದಾರೆಯೇ?

ಇನ್ನೊಂದು. ಪ್ರಮಾಣಪತ್ರವಿದ್ದ ಮಾತ್ರಕ್ಕೆ ಪರಿವರ್ತಕದ ಕಂಬಕ್ಕೆ ಕೈಹಾಕುವ ಅಧಿಕಾರ ಬರುವುದಿಲ್ಲ. ಫ್ಯೂಸ್ ಹಾಕಿಕೊಡೆಂದು ನೆರೆಹೊಲದವರು ಕರೆದರೂ ಹುಡುಗನನ್ನು ಕಂಬ ಹತ್ತಲು ಬಿಡಬೇಡಿ.