ಚಿತ್ರಕ್ಕಿಂತ ಹಕ್ಕಿ ಮುಖ್ಯ

ಕ್ಯಾಮೆರಾ ಹಿಡಿದವರ ದೃಷ್ಟಿ ಸಾಮಾನ್ಯವಾಗಿ ಹರಿಯುವುದು ರಂಗನತಿಟ್ಟಿನ ನೀರುಹಕ್ಕಿಗಳತ್ತ ಇಲ್ಲವೇ ಕಬಿನಿಯ ಹುಲಿಗಳತ್ತ. ಬಸವಕಲ್ಯಾಣ ತಾಲ್ಲೂಕಿನ ಮಂಠಾಳದಿಂದ ಹುಮನಾಬಾದ್‌ವರೆಗಿನ ಕುರುಚಲು ಕಾಡಿನಲ್ಲಿ, ಹೊಲದ ಬದುವಿನ ಬೇವು, ಜಾಲಿ ಮರಗಳಲ್ಲಿ ಹಾಡುವ ಪಿಕಳಾರ, ಮಡಿವಾಳ, ಸೂರಕ್ಕಿಗಳು ಸುದ್ದಿಯಾಗುವುದು ಅಪರೂಪ. ಡಿಜಿಟಲ್ ಕ್ಯಾಮೆರಾ ಬಂದ ಮೇಲೆ ಪಕ್ಷಿ ಛಾಯಾಗ್ರಹಣ ಉಳ್ಳವರ ಹವ್ಯಾಸವಾಗಿಯಷ್ಟೇ ಉಳಿದಿಲ್ಲ. ಸಣ್ಣ ಊರುಗಳ ಯುವಜನರೂ ಅದರತ್ತ ಆಕರ್ಷಿತರಾಗುತ್ತಿರುವುದು ಸ್ವಾಗತಾರ್ಹ. ಆದರೆ ಶಿಸ್ತಿಲ್ಲದ ಹವ್ಯಾಸ ಹಕ್ಕಿಗಳಿಗೇ ಮುಳುವಾದೀತು.

ಬೀದರ್ ಸೀಮೆ 1956ರವರೆಗೂ ಹೈದರಾಬಾದ್ ರಾಜ್ಯದ ಭಾಗವಾಗಿತ್ತು. ಸಲೀಂ ಅಲಿ ಅವರು ಆ ರಾಜ್ಯದ ಪಕ್ಷಿ ಸಮೀಕ್ಷೆ ನಡೆಸಿದ್ದು 1931–32ರಲ್ಲಿ. ಹಕ್ಕಿಗೆ ಗುಂಡಿಕ್ಕಿ ಮಾದರಿ ಸಂಗ್ರಹಿಸುವುದು ಅಂದಿನ ವಿಜ್ಞಾನದ ರೂಢಿಯಾಗಿತ್ತು. ಬಂದೂಕಿನ ಸ್ಥಾನಕ್ಕೆ ಇಂದು ಕ್ಯಾಮೆರಾ ಬಂದಿದೆ. ಹಾಗೆಂದು ಕ್ಯಾಮೆರಾ ಸದಾ ನಿರಪಾಯಕಾರಿ ಎಂದು ಭಾವಿಸುವುದು ತಪ್ಪು.

ದರ್ಜಿ ಹಕ್ಕಿಯು ಎಲೆಗಳನ್ನು ಹೊಲಿದು ಗೂಡು ಕಟ್ಟುವುದೇ ಶತ್ರುವಿನ ಕಣ್ಣು ತಪ್ಪಿಸಲು. ಚಿತ್ರಕ್ಕೆ ಬೆಳಕು ಬೇಕೆಂದು ಸುತ್ತಲಿನ ಎಲೆ, ರೆಂಬೆಗಳನ್ನು ಸರಿಸಿದರೆ ಕಾಗೆಗೆ ದಾರಿ ತೋರಿದಂತೆ. ಹಕ್ಕಿಯನ್ನು ಹೊರಗೆಳೆಯಲು ಧ್ವನಿಮುದ್ರಿತ ಕೂಗನ್ನು ಮತ್ತೆ ಮತ್ತೆ ಕೇಳಿಸುವುದೂ ಸಲ್ಲದು. ತನ್ನ ನೆಲೆಗೆ ಎದುರಾಳಿ ನುಗ್ಗಿತೆಂದು ಭ್ರಮಿಸುವ ಗಂಡು ಹಕ್ಕಿ, ಆಹಾರ ಹುಡುಕುವುದನ್ನೂ ಬಿಟ್ಟು ಇಲ್ಲದ ಶತ್ರುವಿನೊಡನೆ ಸೆಣಸಿ ಬಳಲುತ್ತದೆ. ಕಾಡುಹಕ್ಕಿಗಳ ಗೂಡು, ಮೊಟ್ಟೆಗಳಿಗೆ ತೊಂದರೆ ಕೊಡುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ‘ಬೇಟೆ’ಯ ವ್ಯಾಖ್ಯೆಯಲ್ಲಿಯೇ ಸೇರಿಸಿದೆ. ಇದನ್ನು ಅರಿಯದವರೇ ಹೆಚ್ಚು.

ಸಂಯಮದಿಂದ ತೆಗೆದ ಚಿತ್ರದ ಉಪಯೋಗ ಮಾತ್ರ ದೊಡ್ಡದು. 2023ರಲ್ಲಿ ಪ್ರಕಟವಾದ ಭಾರತದ ಪಕ್ಷಿಗಳ ಸ್ಥಿತಿಗತಿ ವರದಿಯ ಪ್ರಕಾರ, ದೀರ್ಘಾವಧಿಯ ಏರಿಳಿತ ಅಳೆಯಲು ಸಾಧ್ಯವಾದ 338 ಪ್ರಭೇದಗಳ ಪೈಕಿ 204 ಕ್ಷೀಣಿಸಿವೆ. ಈ ಸತ್ಯ ತಿಳಿದದ್ದು ಸುಮಾರು 30 ಸಾವಿರ ಪಕ್ಷಿವೀಕ್ಷಕರು ಕಂಡದ್ದನ್ನು ಬರೆದಿಟ್ಟಿದ್ದರಿಂದ. ವೀಕ್ಷಕರು ಸುಳಿಯದ ಊರಿನಲ್ಲಿ ಹಕ್ಕಿಗಳು ಕಣ್ಮರೆಯಾದರೂ ಯಾರಿಗೂ ಗೊತ್ತಾಗದು. ಪ್ರಸಿದ್ಧ ಅಭಯಾರಣ್ಯದ ನೂರೊಂದನೇ ಸುಂದರ ಚಿತ್ರಕ್ಕಿಂತ, ದಿನಾಂಕ ಮತ್ತು ಸ್ಥಳ ನಮೂದಿಸಿದ ಮಂಠಾಳದ ಒಂದು ಸಾಧಾರಣ ಚಿತ್ರ ವಿಜ್ಞಾನಕ್ಕೆ ಹೆಚ್ಚು ಬೆಲೆಯುಳ್ಳದ್ದಾಗಬಹುದು.

ಅರಣ್ಯ ಇಲಾಖೆ ಹಾಗೂ ಸ್ಥಳೀಯ ಕಾಲೇಜುಗಳು ಈ ಆಸಕ್ತಿಗೆ ದಿಕ್ಕು ತೋರಬೇಕು. ವಿದ್ಯಾರ್ಥಿಗಳಿಂದ ತಮ್ಮ ಊರಿನ ಹಕ್ಕಿಗಳ ಪಟ್ಟಿಯನ್ನು ವರ್ಷದುದ್ದಕ್ಕೂ ಸಿದ್ಧಪಡಿಸಲು ಹೆಚ್ಚಿನ ಹಣವೇನೂ ಬೇಡ. ಛಾಯಾಚಿತ್ರ ಸ್ಪರ್ಧೆಗಳ ಸಂಘಟಕರು ಗೂಡಿನ ಚಿತ್ರಗಳನ್ನು ಸ್ವೀಕರಿಸಬಾರದು. ಕುರುಚಲು ಕಾಡನ್ನು ‘ಬಂಜರು’ ಎಂದು ಕರೆಯುವ ರೂಢಿಯನ್ನು ಆಡಳಿತವೂ ಬಿಡಬೇಕು. ಛಾಯಾಗ್ರಾಹಕ ಹಿಂದಿರುಗಿದ ಮೇಲೂ ಹಕ್ಕಿ ಅದೇ ಕೊಂಬೆಯಲ್ಲಿ ಹಾಡುತ್ತಿರಬೇಕು. ಒಳ್ಳೆಯ ಚಿತ್ರಕ್ಕೆ ಅದೇ ಮೊದಲ ಅರ್ಹತೆ.