ಬಿಎಚ್‌ಪಿ ಒಂದ ನೋಡಿ ಎಂಜಿನ್ ಬದಲ ಮಾಡಬ್ಯಾಡ್ರಿ

1/9
"ಅಣ್ಣಾ, 800ಕ್ಕ ಎಸ್ಟೀಮ್ ಎಂಜಿನ್ ಕೂಡಿಸಿದ್ರ 37 ಇದ್ದದ್ದು 85 ಆಗ್ತೈತಿ!"

ಸ್ವಾಪ್ ಅಂದಕೂಡಲೇ ನಮ್ಮ ಹುಡುಗರ ಮಾತು ಶುರುವಾಗೋದು ಇಲ್ಲಿಂದ, ಮುಗಿಯೋದೂ ಇಲ್ಲೇ. ರೀಲ್ಸ್‌ನಾಗೂ ಅಷ್ಟ. ಬಾನೆಟ್ ಎತ್ತು, ಎಂಜಿನ್ ತೋರ್ಸು, ಒಂದು ನಂಬರ್ ಬರಿ, ಹಾಡು ಹಚ್ಚು. ಲೈಕ್ ಬಂತು, ಮುಗೀತು.

ಈ ಸೀರೀಸ್ ಆ ಒಂಟಿ ನಂಬರ್ ವಿರುದ್ಧ. ಹಳೇ ಗಾಡಿ ಪ್ರೀತಿ ವಿರುದ್ಧ ಅಲ್ಲ. ಪ್ರೀತಿ ಇದ್ದವರೇ ಕೊನೇತನಕ ಓದ್ರಿ. ಸ್ವೈಪ್ ಮಾಡ್ರಿ.

2/9
ಮೊದಲು ಲೆಕ್ಕ. ಟಾರ್ಕ್ ಅಂದ್ರ ಕ್ರ್ಯಾಂಕ್ ತಿರುಗಿಸೋ ಬಲ. ನಮ್ಮ ಗ್ಯಾರೇಜ್ ಭಾಷೆಯಾಗ ಎಳೆತ. ಪವರ್ ಅಂದ್ರ ಆ ಎಳೆತದ ಕೆಲಸ ಎಷ್ಟು ಜಲ್ದಿ ಆಗ್ತೈತಿ ಅನ್ನೋದು. ಇವೆರಡೂ ಬೇರೆ ಬೇರೆ ದೇವರಲ್ಲ. ಒಂದರಿಂದ ಇನ್ನೊಂದು ಹುಟ್ಟತೈತಿ:

ಟಾರ್ಕ್ (ನ್ಯೂಟನ್ ಮೀಟರ್) × ಆರ್‌ಪಿಎಂ ÷ 7,121 = ಬಿಎಚ್‌ಪಿ

ಇಷ್ಟು ಸೂತ್ರ ಮೊಬೈಲ್ ಕ್ಯಾಲ್ಕುಲೇಟರ್‌ನಾಗ ಹಾಕಲಿಕ್ಕೆ ಬಂದ್ರ, ಅರ್ಧ ರೀಲ್ಸ್ ನಿಮಗ ಸುಳ್ಳು ಅನಿಸ್ತಾವು.

3/9
800ರ ಎಂಜಿನ್ 796 ಸಿಸಿ. 5,000 ಆರ್‌ಪಿಎಂಗೆ 37 ಬಿಎಚ್‌ಪಿ, 2,500ಕ್ಕೆ 59 ನ್ಯೂಟನ್ ಮೀಟರ್. ಅಂದ್ರ 2,500ರಾಗ ಅದು ಕೊಡೋದು ಸುಮಾರು 21 ಬಿಎಚ್‌ಪಿ. ಎಸ್ಟೀಮ್‌ನ 1,298 ಸಿಸಿ ಎಂಜಿನ್‌ದು ಗರಿಷ್ಠ ಟಾರ್ಕ್ 110ರ ಆಸುಪಾಸು, ಅದೂ 4,500ರಾಗ. ಆ ಪೂರಾ 110 ಅನ್ನು 2,500ರಾಗೇ ಕೊಟ್ಟಿತು ಅಂತ ಉದಾರವಾಗಿ ಹಿಡಿದರೂ 39 ದಾಟೋದಿಲ್ಲ. ಲಾಭ ಐತಿ, ಇಲ್ಲ ಅನ್ನೋದಿಲ್ಲ. ಆದರ ನೀವು ಕನಸು ಕಂಡ 85 ಇರೋದು 6,000 ಆರ್‌ಪಿಎಂನಾಗ. ಚೆನ್ನಮ್ಮ ಸರ್ಕಲ್ ಟ್ರಾಫಿಕ್‌ನಾಗ 6,000 ಯಾವಾಗ ಮುಟ್ಟೀರಿ?

ಇನ್ನೊಂದು ಮಾತು. ಯಾವ ಎಸ್ಟೀಮ್? ಹಳೇ ಕಾರ್ಬೊರೇಟರ್ ಗಾಡಿ 65 ಬಿಎಚ್‌ಪಿ, ಆಮೇಲಿನ ಎಂಪಿಎಫ್‌ಐ 85. ಹೆಸರು ಒಂದ, ನಡುವೆ 20 ಕುದುರೆ ಮಾಯ. ಮತ್ತ ಈ ಎಲ್ಲಾ ಅಂಕಿ ಎಂಜಿನ್ ಹೊಸದಿದ್ದಾಗಿನವು. ಗುಜರಿಯಾಗ ವರ್ಷಗಟ್ಟಲೆ ಬಿದ್ದ ಎಂಜಿನ್‌ಗೆ ಕಂಪ್ರೆಷನ್ ಟೆಸ್ಟ್ ಮಾಡದೇ 85 ಅಂತ ಹೇಳೋದು, ಅಜ್ಜನ ಮದುವೆ ಫೋಟೊ ತೋರಿಸಿ ವಯಸ್ಸು ಹೇಳಿದಂಗ.

4/9
ನಂಬಿಕೆ ಬರಲಿಲ್ಲಾ? ಸ್ವಿಫ್ಟ್ ನೋಡ್ರಿ. ಬಾಡಿ ಒಂದ, ಎಂಜಿನ್ ಎರಡು. 2005ರ ಪೆಟ್ರೋಲ್: 6,000ಕ್ಕೆ 87 ಬಿಎಚ್‌ಪಿ, 4,500ಕ್ಕೆ 113 ನ್ಯೂಟನ್ ಮೀಟರ್. 2007ರ ಡೀಸೆಲ್: 4,000ಕ್ಕೆ 75 ಬಿಎಚ್‌ಪಿ, 2,000ಕ್ಕೆ 190 ನ್ಯೂಟನ್ ಮೀಟರ್. ರೀಲ್ಸ್ ಲೆಕ್ಕದಾಗ ಪೆಟ್ರೋಲ್ ಗೆದ್ದಿತು.

ಈಗ ಎರಡನ್ನೂ 2,000 ಆರ್‌ಪಿಎಂಗೆ ತಂದು ನಿಲ್ಲಿಸ್ರಿ. ಡೀಸೆಲ್ 53 ಬಿಎಚ್‌ಪಿ ಕೊಡತೈತಿ. ಪೆಟ್ರೋಲ್ ತನ್ನ ಗರಿಷ್ಠ ಟಾರ್ಕ್ ಅಲ್ಲೇ ಕೊಟ್ಟರೂ 32 ದಾಟೋದಿಲ್ಲ. "ಸೋತ" ಎಂಜಿನ್ ಅಲ್ಲಿ ಒಂದೂವರೆ ಪಟ್ಟಿಗಿಂತ ಮ್ಯಾಲೈತಿ.

ಜೀಪ್ ಮಂದಿಗೂ ಒಂದು. ಬೊಲೆರೊದ ಹಳೇ 2,523 ಸಿಸಿ ಡಿಐ ಎಂಜಿನ್ ಬರೇ 63 ಬಿಎಚ್‌ಪಿ ಅಂತ ನಗತಾರ. ಅದು 1,500ರ ಹತ್ತಿರವೇ 180 ನ್ಯೂಟನ್ ಮೀಟರ್ ಕೊಡತೈತಿ. ಲೆಕ್ಕ ಹಾಕ್ರಿ: 38 ಬಿಎಚ್‌ಪಿ. 800 ತನ್ನ ಪೂರಾ ಉಸಿರು ಕಟ್ಟಿ 5,000ರಾಗ ಕೊಡೋದನ್ನ ಇದು ಆಕಳಿಸುತ್ತಾ 1,500ರಾಗ ಕೊಡತೈತಿ. ಆರು ಮಂದಿ ತುಂಬಿಕೊಂಡು ಯಲ್ಲಾಪುರ ದಾಟಿ ಅಂಕೋಲಾಕ್ಕ ಹೋಗಿ, ವಾಪಸ್ ಅರಬೈಲ್ ಘಾಟ್ ಏರುವಾಗ ಯಾವುದು ಬೇಕು ಅಂತ ನಿಮಗೇ ತಿಳೀತೈತಿ.

5/9
ಇಷ್ಟು ಓದಿ "ಹಂಗಾದ್ರ ಟಾರ್ಕೇ ರಾಜಾ" ಅಂತ ಕುಣಿಯೋ ಪಾರ್ಟಿಗೂ ಉತ್ತರ ಐತಿ. ನೀವೂ ಒಂಟಿ ನಂಬರ್ ಭಕ್ತರೇ.

ಮಹೀಂದ್ರಾ 575 ಡಿಐ ಟ್ರ್ಯಾಕ್ಟರ್ 45 ಎಚ್‌ಪಿ ದರ್ಜೆದು. 800ಕ್ಕಿಂತ 8 ಹೆಚ್ಚು, ಅಷ್ಟ. ಆದರ ನವಲಗುಂದದ ಎರಿಹೊಲದಾಗ ನೇಗಿಲು ಎಳೆಯೋದು ಯಾವುದು? ಬರೇ ಎಂಜಿನ್ ಟಾರ್ಕ್‌ನಿಂದ ಅಲ್ರಿ. ಅದರ ಗೇರು, ತೂಕ, ಆಳೆತ್ತರದ ಗಾಲಿ ಎಲ್ಲಾ ಕೂಡಿ ಎಳಿತಾವು. ನೆಲಕ್ಕ ಮುಟ್ಟೋದು ಎಂಜಿನ್ ಟಾರ್ಕ್ ಅಲ್ಲ, ಗೇರ್‌ಬಾಕ್ಸ್ ಗುಣಿಸಿ ಕೊಟ್ಟ ಟಾರ್ಕ್. ಬಾಹಾ ಸ್ಪರ್ಧೆಗೆ ಹೋಗೋ ಎಂಜಿನಿಯರಿಂಗ್ ಹುಡುಗರನ್ನ ಕೇಳ್ರಿ. ಎಲ್ಲಾ ತಂಡಕ್ಕೂ ಒಂದೇ ನಮೂನಿ ಎಂಜಿನ್. ಗೆಲ್ಲೋದು ಗೇರಿಂಗ್, ತೂಕ, ಸಸ್ಪೆನ್ಷನ್‌ನಾಗ.

ಹಂಗಾಗಿ 59 ನ್ಯೂಟನ್ ಮೀಟರ್‌ಗೆ ಮಾಡಿದ ಗೇರ್‌ಬಾಕ್ಸ್‌ಗೆ 190ರ ಡೀಸೆಲ್ ಜೋಡಿಸಿದ್ರ, ಮೂರು ಪಟ್ಟಿಗಿಂತ ಹೆಚ್ಚು ಹೊರೆ. ಮೊದಲು ಕ್ಲಚ್ ಅಳತೈತಿ, ಆಮೇಲೆ ಗೇರಿನ ಹಲ್ಲು. ಎಂಜಿನ್ ಜತಿಗೆ ಅದರದೇ ಗೇರ್‌ಬಾಕ್ಸ್, ಆಕ್ಸಲ್ ಬರಲಿಲ್ಲ ಅಂದ್ರ ಅದು ಸ್ವಾಪ್ ಅಲ್ಲ, ತ್ಯಾಪೆ.

6/9
ಈಗ ಯಾರೂ ರೀಲ್ ಮಾಡದ ಭಾಗ. ಬ್ರೇಕ್.

60ರಾಗ ಓಡೋ ಗಾಡಿ 90ಕ್ಕ ಹೋದ್ರ ವೇಗ ಒಂದೂವರೆ ಪಟ್ಟು, ಆದರ ಬ್ರೇಕ್ ನುಂಗಬೇಕಾದ ಶಕ್ತಿ 2.25 ಪಟ್ಟು. 800 ಅಂದ್ರ ಸುಮಾರು 650 ಕೆಜಿ ಗಾಡಿ. ಅದರ ಬ್ರೇಕು, ಗಾಲಿ, ಸಸ್ಪೆನ್ಷನ್ ಎಲ್ಲಾ 37 ಕುದುರೆ ನಂಬಿ ಹುಟ್ಟಿದ್ದು. ಅದಕ್ಕ ದುಪ್ಪಟ್ಟು ಎಂಜಿನ್ ಕೊಟ್ಟು ಬ್ರೇಕ್ ಹಳೇದೇ ಇಟ್ಟರ, ನೀವು ಗಾಡಿ ಫಾಸ್ಟ್ ಮಾಡಲಿಲ್ಲ. ನಿಲ್ಲೋ ಜಾಗ ದೂರ ಮಾಡಿದಿರಿ, ಅಷ್ಟ. ಬೈಪಾಸ್‌ನಾಗ ಎದುರಿನಿಂದ ಬರೋನಿಗೆ ನಿಮ್ಮ ಬಿಎಚ್‌ಪಿ ಕಾಣೋದಿಲ್ಲ.

7/9
"ಹಿಂದಿನವರು ಅಂಬಾಸಿಡರ್‌ಗೆ ಮೆಟಾಡೋರ್ ಡೀಸೆಲ್ ಎಂಜಿನ್ ಹಾಕ್ತಿರಲಿಲ್ಲೇನು?" ಹಾಕ್ತಿದ್ದರು. ಯಾಕ ಅಂತ ಕೇಳ್ರಿ. ಬಾಡಿಗಿ ಗಾಡಿ, ಪೆಟ್ರೋಲ್ ತುಟ್ಟಿ, ಹೊಟ್ಟೆಪಾಡು. ಅವರ ಪ್ರಶ್ನೆ "ಎಷ್ಟು ಬಿಎಚ್‌ಪಿ" ಅಲ್ಲ, "ಎಷ್ಟು ಎಳಿತೈತಿ, ಎಷ್ಟು ಕುಡಿತೈತಿ". ಕೆಲಸ ಮೊದಲು, ಎಂಜಿನ್ ಆಮೇಲೆ. ನಮ್ಮದು ಉಲ್ಟಾ. ಎಂಜಿನ್ ಮೊದಲು, ಕೆಲಸ ಏನು ಅಂತ ಯಾರಿಗೂ ಗೊತ್ತಿಲ್ಲ.

8/9
ಕಾನೂನು ಬ್ಯಾಸರ ಅನಿಸಿದ್ರೂ ಇದನ್ನ ಸೇವ್ ಮಾಡ್ಕೊಳ್ರಿ. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52 ಪ್ರಕಾರ, ಕಂಪನಿ ಕೊಟ್ಟ ಮೂಲ ವಿವರಕ್ಕೂ ಆರ್‌ಸಿಗೂ ತಾಳೆ ತಪ್ಪೋ ಹಂಗ ಗಾಡಿ ಬದಲಾಯಿಸುವಂತಿಲ್ಲ. ಸಿಎನ್‌ಜಿ, ಬ್ಯಾಟರಿಗೆ ಬದಲಾಯಿಸಲಿಕ್ಕೆ ನಿಯಮದ ಪ್ರಕಾರ ದಾರಿ ಐತಿ. ಮನಸ್ಸಿಗೆ ಬಂದ ಎಂಜಿನ್‌ಗೆ ಇಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿ ಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ ಸೆಕ್ಷನ್ 182ಎ ಪ್ರಕಾರ ಶಿಕ್ಷೆ ಆರು ತಿಂಗಳವರೆಗೆ ಜೈಲು, ಅಥವಾ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡೂ.

ಪ್ಲೇಟ್ ಮ್ಯಾಲೆ ಕೆಎ-25 ಇರಲಿ, ಕೆಎ-63 ಇರಲಿ, ಆರ್‌ಸಿ ಬಹಳ ಸಲ ಅಪ್ಪನ ಹೆಸರಿನಾಗ ಇರತೈತಿ. ಆಕ್ಸಿಡೆಂಟ್ ಆಗಿ ಎಂಜಿನ್ ನಂಬರ್ ತಾಳೆ ಆಗಲಿಲ್ಲ ಅಂದ್ರ, ವಿಮೆ ತಕರಾರು, ಕೋರ್ಟು ಎಲ್ಲಾ ಬರೋದು ಅವರ ತಲೀಮ್ಯಾಲೆ. ರೀಲ್ ಮಾತ್ರ ನಿಮ್ಮದು.

9/9
ಹಂಗಾದ್ರ ಏನು ಮಾಡೋದು?

ಮೊದಲು ಇರೋ ಎಂಜಿನ್ ಜೀವಂತ ಐತೋ ನೋಡ್ರಿ. ಕಂಪ್ರೆಷನ್, ವಾಲ್ವ್ ಕ್ಲಿಯರೆನ್ಸ್, ಕಾರ್ಬೊರೇಟರ್ ಅಥವಾ ಇಂಜೆಕ್ಟರ್, ಕ್ಲಚ್. ದಣಿದ 800ರಾಗ ಆ 37 ಕೂಡ ಉಳಿದಿರೋದಿಲ್ಲ. ಅದನ್ನ ವಾಪಸ್ ತರೋದೇ ಮೊದಲ ಅಪ್‌ಗ್ರೇಡ್. ಅದೇ ಮೇಕ್, ಅದೇ ಟೈಪ್ ಎಂಜಿನ್ ಕೂಡಿಸೋದಿದ್ರ ಆರ್‌ಟಿಒದಾಗ ಒಪ್ಪಿಗೆ ತಗೊಂಡು ಆರ್‌ಸಿಯಾಗ ಬರೆಸ್ರಿ.

ಇನ್ನು ಕ್ಲಾಸಿನಾಗ, ಕಟ್ಟಿಮ್ಯಾಲೆ ಕುಂತು ಎರಡು ಎಂಜಿನ್ ಹೋಲಿಸೋದಿದ್ರ (ಹೋಲಿಸ್ರಿ, ಅದರ ಮಜಾನೇ ಬೇರೆ) ಇಷ್ಟು ಕೇಳ್ರಿ:
• ಗರಿಷ್ಠ ಟಾರ್ಕ್ ಯಾವ ಆರ್‌ಪಿಎಂಗೆ?
• ನಾವು ದಿನಾ ಓಡಿಸೋ ಆರ್‌ಪಿಎಂನಾಗ ಎಷ್ಟು ಬಿಎಚ್‌ಪಿ?
• ಗೇರ್‌ಬಾಕ್ಸ್ ಅದನ್ನ ತಡಕೋತೈತಾ?
• ಗಾಡಿ ತೂಕ ಎಷ್ಟು, ಬ್ರೇಕ್ ಯಾವುದು?
• ಆರ್‌ಸಿ ಏನು ಹೇಳತೈತಿ?

ಐದಕ್ಕೂ ಉತ್ತರ ಕೊಡದ ಸ್ವಾಪ್ ರೀಲ್‌ಗೆ ನನ್ನ ಲೈಕ್ ಇಲ್ಲ. ನಿಮ್ಮದೂ ಬ್ಯಾಡ. ಒಪ್ಪದವರು ಕಮೆಂಟ್‌ಗೆ ಬರ್ರಿ, ಆದರ ಕ್ಯಾಲ್ಕುಲೇಟರ್ ಹಿಡ್ಕೊಂಡ ಬರ್ರಿ.

#ಹುಬ್ಬಳ್ಳಿಧಾರವಾಡ #ಹಳೇಗಾಡಿ #ಎಂಜಿನ್‌ಸ್ವಾಪ್ #ಎಳೆತ #ಬ್ರೇಕ್‌ಮೊದಲು